ಲಾಂಗ್‌ಸೋರ್ಡ್, ಬಕ್ಲರ್, ರೇಪಿಯರ್, ಸೇಬರ್: ಹಳೆಯ ಯುರೋಪಿನ ಕತ್ತಿವರಸೆ ಕಲಿಯುವವರು ಯಾವುದನ್ನು ಹಿಡಿಯಬೇಕು?

ಮ್ಯೂನಿಕ್, ಲಂಡನ್ ಕಡೆ ಕೆಲಸಕ್ಕೆ ಹೋದ ನಮ್ಮವರಲ್ಲಿ ಈ ಪ್ರಶ್ನೆ ಕೇಳುವವರು ಇತ್ತೀಚೆಗೆ ಜಾಸ್ತಿಯಾಗಿದ್ದಾರೆ. ಸಂಜೆ ಹೊತ್ತು ಯಾವುದೋ ಶಾಲೆಯ ಕ್ರೀಡಾ ಹಾಲ್‌ನಿಂದ ಕತ್ತಿಗೆ ಕತ್ತಿ ತಾಗುವ ಸದ್ದು ಕೇಳಿಸಿರುತ್ತದೆ. ಒಳಗೆ ಇಣುಕಿರುತ್ತಾರೆ. ಆಸೆ ಹುಟ್ಟಿರುತ್ತದೆ. ಆಮೇಲೆ ಶುರು ಗೊಂದಲ: ಎರಡು ಕೈಯ ಲಾಂಗ್‌ಸೋರ್ಡಾ, ಪುಟ್ಟ ಗುರಾಣಿ (ಬಕ್ಲರ್) ಜೊತೆಗಿನ ಕತ್ತಿಯಾ, ಇರಿಯುವ ಉದ್ದನೆಯ ರೇಪಿಯರಾ, ಸೈನಿಕರು ಬೀಸುತ್ತಿದ್ದ ಬಾಗಿದ ಅಲಗಿನ ಸೇಬರಾ? ಬೆಂಗಳೂರಿನಲ್ಲೇ ಕೂತು ಹಳೆಯ ಹಸ್ತಪ್ರತಿಗಳ ಚಿತ್ರ ನೋಡುತ್ತಾ ಇದೇ ಪ್ರಶ್ನೆ ಕೇಳುವವರೂ ಇದ್ದಾರೆ.

ಇದು ಒಲಿಂಪಿಕ್ಸ್‌ನಲ್ಲಿ ನೋಡುವ ಫೆನ್ಸಿಂಗ್ ಅಲ್ಲ. ಯುರೋಪಿನ ಹಳೆಯ ಕತ್ತಿ ಗುರುಗಳು ಬರೆದಿಟ್ಟ ಪುಸ್ತಕಗಳನ್ನು ಓದಿ, ಅಲ್ಲಿನ ವರಸೆಗಳನ್ನು ಮತ್ತೆ ಕೈಗೆ ತಂದುಕೊಳ್ಳುವ ಅಭ್ಯಾಸ. ಇಂಗ್ಲಿಷ್‌ನಲ್ಲಿ ಹಿಸ್ಟಾರಿಕಲ್ ಯುರೋಪಿಯನ್ ಮಾರ್ಷಿಯಲ್ ಆರ್ಟ್ಸ್, ಚಿಕ್ಕದಾಗಿ ಹೀಮಾ ಅಂತಾರೆ. ಇದರಲ್ಲಿ ಬಹುಪಾಲು ವಿದ್ಯೆಗಳ ಗುರು ಪರಂಪರೆ ನಡುವೆ ಕಡಿದು ಹೋಗಿದೆ. ಉಳಿದಿರುವುದು ಪುಸ್ತಕ ಮಾತ್ರ. ಹಾಗಾಗಿ ನೀವು ಒಂದು ಕತ್ತಿ ಆರಿಸಿದಿರಿ ಅಂದರೆ ಅದರ ಹಿಂದಿನ ಪುಸ್ತಕವನ್ನೂ ಆರಿಸಿದಿರಿ ಅಂತ ಅರ್ಥ. ಜನ ಇದನ್ನು ಯೋಚಿಸದೆ ಕತ್ತಿಯ ಅಂದ ನೋಡಿ ಮರುಳಾಗುತ್ತಾರೆ. ನನ್ನ ಪ್ರಕಾರ ಮೊದಲು ಜೊತೆಗಾರ, ಆಮೇಲೆ ಪುಸ್ತಕ, ಕೊನೆಗೆ ಕತ್ತಿ.

ಏನೇನು ನೋಡಬೇಕು

ನಿಮ್ಮೆದುರು ನಿಲ್ಲುವವರು ಯಾರು? ಇದು ಮೊದಲ ಪ್ರಶ್ನೆ. ಹತ್ತಿರದ ಕ್ಲಬ್ಬಿನಲ್ಲಿ ಲಾಂಗ್‌ಸೋರ್ಡ್ ಮಾತ್ರ ಕಲಿಸುತ್ತಾರೆ ಅಂದರೆ, ರೇಪಿಯರ್ ಬೇಕು ಅಂತ ಮನೆಯಲ್ಲಿ ಕೂರುವುದಕ್ಕಿಂತ ಲಾಂಗ್‌ಸೋರ್ಡ್ ಹಿಡಿಯುವುದೇ ಮೇಲು. ದೂರದ ಅಂದಾಜು, ಸಮಯದ ಅಂದಾಜು, ಹೆಜ್ಜೆ, ಇವು ಒಂದು ಆಯುಧದಲ್ಲಿ ಪಳಗಿದರೆ ಇನ್ನೊಂದಕ್ಕೂ ಒದಗುತ್ತವೆ.

ಎರಡನೆಯದು ಪುಸ್ತಕ. ಯಾವ ಭಾಷೆ? ಚಿತ್ರ ಇದೆಯಾ? ಅನುವಾದ ಸಿಗುತ್ತಾ? ವಿಕ್ಟೆನೌವರ್ ಎಂಬ ಜಾಲತಾಣದಲ್ಲಿ ಹಸ್ತಪ್ರತಿಯ ಚಿತ್ರ, ಮೂಲ ಪಠ್ಯ, ಇಂಗ್ಲಿಷ್ ಅನುವಾದ ಅಕ್ಕಪಕ್ಕದಲ್ಲೇ ಪುಕ್ಕಟೆ ಸಿಗುತ್ತವೆ. ಒಂದೇ ಸಾಲಿಗೆ ಎರಡು ಅನುವಾದ ಇದ್ದರೆ ಎರಡನ್ನೂ ಓದಿ. ಅವು ಬೇರೆ ಬೇರೆ ಹೇಳುತ್ತಿದ್ದರೆ ಅಲ್ಲೇ ಏನೋ ಸಿಕ್ಕು ಇದೆ ಅಂತ ಗೊತ್ತಾಗುತ್ತದೆ.

ಮೂರನೆಯದು ನಿಮ್ಮ ಮೈ: ಮಂಡಿ, ಬೆನ್ನು, ಭುಜ. ನಾಲ್ಕನೆಯದು ದುಡ್ಡು. ಇಲ್ಲಿ ಕತ್ತಿಯ ಬೆಲೆ ಒಂದನ್ನೇ ನೋಡಬೇಡಿ. ಕೆಲವು ಆಯುಧಗಳಿಗೆ ಕತ್ತಿಯಷ್ಟೇ ದುಬಾರಿ ಕೈಗವಸು ಬೇಕು. ಇನ್ನು ಜಾಗ. ಲಾಂಗ್‌ಸೋರ್ಡನ್ನು ತಲೆ ಮೇಲೆತ್ತಿದರೆ ಫ್ಲಾಟಿನ ಹಾಲ್‌ನಲ್ಲಿ ಫ್ಯಾನು ಉಳಿಯಲ್ಲ. ಟೆರೇಸೋ ಮೈದಾನವೋ ಬೇಕು.

ಲಾಂಗ್‌ಸೋರ್ಡ್

ಹೊಸಬರು ಹೆಚ್ಚಾಗಿ ಬಂದು ಸೇರುವುದು ಇಲ್ಲಿಗೇ. ಬಹಳ ಕ್ಲಬ್‌ಗಳಲ್ಲಿ ಇದೇ ಮುಖ್ಯ ಆಯುಧ, ಹಾಗಾಗಿ ಎದುರಾಳಿಗಳ ಕೊರತೆ ಇಲ್ಲ. ಕತ್ತಿ ಸುಮಾರು 130 ಸೆಂ.ಮೀ. ಉದ್ದ, ತೂಕ ಒಂದೂವರೆ ಕಿಲೋ ಆಸುಪಾಸು. ಐದಾರು ಕಿಲೋ ತೂಗುತ್ತಿತ್ತು ಅನ್ನೋದೆಲ್ಲ ಸುಮ್ನೆ ಕಟ್ಟಿದ ಕತೆ. ಅಭ್ಯಾಸಕ್ಕೆ ಫೆಡರ್ ಅಂತ ಬರುತ್ತದೆ. ಅಂಚು ಮೊಂಡು, ಮೊನೆ ಗುಂಡು ಅಥವಾ ಮಡಚಿದ್ದು, ಇರಿದಾಗ ಅಲಗು ಬಿಲ್ಲಿನಂತೆ ಬಾಗುತ್ತದೆ.

ಲಾಂಗ್‌ಸೋರ್ಡ್ ಅಂತ ತೀರ್ಮಾನಿಸಿದ ಮೇಲೂ ಒಂದು ಕವಲು ಇದೆ: ಜರ್ಮನ್ ದಾರಿಯಾ, ಇಟಾಲಿಯನ್ ದಾರಿಯಾ?

ಜರ್ಮನ್ ದಾರಿಯ ಮೂಲಪುರುಷ 14ನೇ ಶತಮಾನದ ಯೋಹಾನೆಸ್ ಲೀಷ್ಟೆನೌವರ್. ವಿದ್ಯೆಯನ್ನೆಲ್ಲ ಪದ್ಯದಲ್ಲಿ ಹೇಳಿದ, ಅದೂ ಕಂಡಕಂಡವರಿಗೆ ತಿಳಿಯಬಾರದು ಅಂತ ಬೇಕೆಂದೇ ಮುಚ್ಚಿಟ್ಟು. ನಮ್ಮ ಬೆಡಗಿನ ವಚನಗಳ ಹಾಗೆ, ಟೀಕೆ (ಅರ್ಥ ವಿವರಣೆ) ಇಲ್ಲದೆ ಬಿಡಿಸೋಕಾಗಲ್ಲ. ಪುಣ್ಯಕ್ಕೆ ಮುಂದಿನ ಶತಮಾನದವರು ಟೀಕೆ ಬರೆದರು. ರಿಂಗೆಕ್ ಎಂಬವನ ಹೆಸರಿನ ಟೀಕೆ ಇದೆ. ಈಗ ರೋಮ್‌ನಲ್ಲಿರುವ 1452ರ ಹಸ್ತಪ್ರತಿಯಲ್ಲಿ ಇನ್ನೊಂದಿದೆ.

ಈ ದಾರಿಯ ರುಚಿ ಎಂಥದ್ದು ಅಂತ ತಿಳಿಯೋಕೆ ಮೊದಲ ಪಾಠವನ್ನೇ ನೋಡಿ. ಹೆಸರು ತ್ಸೋರ್ನ್‌ಹೌ, ಸಿಟ್ಟಿನ ಹೊಡೆತ. ಎದುರಾಳಿ ತನ್ನ ಬಲಗಡೆಯಿಂದ ನಿಮ್ಮ ತಲೆಗೆ ಬೀಸುತ್ತಾನೆ. ನೀವು ಸುಮ್ಮನೆ ತಡೆಯುವುದಿಲ್ಲ. ನಿಮ್ಮ ಬಲ ಭುಜದಿಂದ ನೀವೂ ಜೋರಾಗಿ ಬೀಸುತ್ತೀರಿ. ಎರಡು ಅಲಗು ನಡುವೆ ಕೂಡುತ್ತವೆ. ಆ ಗಳಿಗೆಯಲ್ಲಿ ಅವನ ಕತ್ತಿಯ ಒತ್ತಡ ನಿಮ್ಮ ಅಂಗೈಗೆ ತಿಳಿಯಬೇಕು. ಮೆತ್ತಗಿದ್ದರೆ ಮೊನೆಯನ್ನು ನೇರ ಮುಖಕ್ಕೆ ಚಾಚಿ. ಅವನು ಎಚ್ಚೆತ್ತು ಬಲವಾಗಿ ಪಕ್ಕಕ್ಕೆ ತಳ್ಳಿದನಾ, ತಳ್ಳಲಿ ಬಿಡಿ. ನಿಮ್ಮ ಕತ್ತಿಯನ್ನು ಅವನ ಕತ್ತಿಯ ಮೇಲಿಂದ ಎತ್ತಿ ಆ ಕಡೆಗೆ ಹಾಕಿ, ತಲೆಗೆ ಹೊಡೆಯಿರಿ. ಅವನ ಬಲ ಖಾಲಿ ಜಾಗವನ್ನು ತಳ್ಳುತ್ತಿರುತ್ತದೆ. ಜರ್ಮನ್ ದಾರಿಯ ಜೀವಾಳ ಇದೇ, ಕತ್ತಿ ತಾಗಿದಾಗ ಸಿಗುವ ಸ್ಪರ್ಶ. ಅದಕ್ಕೇ ಇದನ್ನು ನೈಲಾನ್ ಕತ್ತಿಯಲ್ಲಿ ಕಲಿಯುವುದು ಕಷ್ಟ. ಪ್ಲಾಸ್ಟಿಕ್ ಜಾರುತ್ತದೆ, ಪುಟಿಯುತ್ತದೆ, ಒತ್ತಡ ಸರಿಯಾಗಿ ತಿಳಿಯುವುದಿಲ್ಲ.

ಒಗಟು ಬಿಡಿಸುವ ತಾಳ್ಮೆ ಇಲ್ಲದವರಿಗೆ ಇದೇ ಕುಲದ ಯೋಆಖಿಮ್ ಮೇಯರ್ ಇದ್ದಾನೆ. ಸ್ಟ್ರಾಸ್‌ಬರ್ಗ್‌ನವನು. 1570ರಲ್ಲಿ ಸಾಲ ಮಾಡಿ ತನ್ನ ಪುಸ್ತಕ ಅಚ್ಚು ಹಾಕಿಸಿದ. ಮರುವರ್ಷವೇ ತೀರಿಕೊಂಡ. ಪುಸ್ತಕ ಮಾತ್ರ ಪಠ್ಯಪುಸ್ತಕದಂತೆ ಅಚ್ಚುಕಟ್ಟು: ಮೊದಲು ನಿಲುವು, ಆಮೇಲೆ ಹೊಡೆತ, ಹೆಜ್ಜೆ, ಜೋಡಿ ಅಭ್ಯಾಸ. ಆದರೆ ಅವನ ನಿಲುವು ತಗ್ಗು, ಕಾಲು ಅಗಲ. ಮಂಡಿ ನೋವಿರುವವರು ಯೋಚಿಸಬೇಕು. ಜೊತೆಗೆ ಅವನ ಲಾಂಗ್‌ಸೋರ್ಡ್ ಆಟದಲ್ಲಿ ಇರಿತ ಬಹಳ ಕಡಿಮೆ, ಬೀಸುವುದೇ ಹೆಚ್ಚು.

ಇಟಾಲಿಯನ್ ದಾರಿ ಅಂದರೆ ಫಿಯೋರೆ ಎಂಬ ಕತ್ತಿ ಗುರು. ಈಶಾನ್ಯ ಇಟಲಿಯ ಫ್ರಿಯೂಲಿ ಸೀಮೆಯವನು. 1409ರ ಆಸುಪಾಸಿನಲ್ಲಿ ಫೆರಾರದ ದೊರೆ ನಿಕೊಲೊಗೆ ತನ್ನ ಪುಸ್ತಕ ಅರ್ಪಿಸಿದ. ತನ್ನ ವಿದ್ಯೆ ಬಿಟ್ಟುಕೊಡದ್ದಕ್ಕೆ ಬೇರೆ ಗುರುಗಳ ಜೊತೆ ಐದು ಸಲ ಹರಿತವಾದ ಕತ್ತಿ ಹಿಡಿದು ಕಾದಾಡಬೇಕಾಯಿತು, ಹತ್ತಿ ತುಂಬಿದ ಅಂಗಿ, ತೊಗಲಿನ ಕೈಗವಸು ಬಿಟ್ಟರೆ ರಕ್ಷಣೆ ಇರಲಿಲ್ಲ ಅಂತ ಮುನ್ನುಡಿಯಲ್ಲಿ ಹೇಳಿಕೊಳ್ಳುತ್ತಾನೆ. ಸ್ವಲ್ಪ ಜಂಭವೂ ಇರಬಹುದು. ಅವನ ಕೃತಿಯ ನಾಲ್ಕು ಪ್ರತಿಗಳು ಉಳಿದಿವೆ. ಅದರಲ್ಲೊಂದು ಲಾಸ್ ಏಂಜಲೀಸ್‌ನ ಗೆಟ್ಟಿ ಸಂಗ್ರಹದಲ್ಲಿದೆ, ಓದಲು ಅದೇ ಅನುಕೂಲ.

ಫಿಯೋರೆಯ ಚಿತ್ರ ಓದುವುದೇ ಒಂದು ಖುಷಿ. ತಲೆಗೆ ಕಿರೀಟ ಇದ್ದವನು ಗುರು. ಮಂಡಿಯ ಕೆಳಗೆ ಪಟ್ಟಿ ಕಟ್ಟಿದವನು ಆ ಗುರುವಿನ ಪಟ್ಟನ್ನು ಮುಂದುವರಿಸುವ ಶಿಷ್ಯ. ಕಿರೀಟ, ಪಟ್ಟಿ ಎರಡೂ ಇದ್ದರೆ ಅವನು ಪ್ರತಿಪಟ್ಟು ತೋರಿಸುವವನು. ಏನೂ ಇಲ್ಲದವನು ಏಟು ತಿನ್ನುವವನು. ಭಾಷೆ ಬಾರದಿದ್ದರೂ ಯಾರು ಗೆಲ್ಲುತ್ತಿದ್ದಾರೆ ಅಂತ ತಿಳಿಯುತ್ತದೆ. ಪುಸ್ತಕ ಶುರುವಾಗುವುದು ಕುಸ್ತಿಯಿಂದ. ಆಮೇಲೆ ಬಾಕು, ಕತ್ತಿ, ಕವಚ, ಕೊನೆಗೆ ಕುದುರೆ ಮೇಲಿನ ಕಾಳಗ. ಮೈಸೂರಿನ ಗರಡಿ ಮನೆಯಲ್ಲಿ ಮಣ್ಣು ಮೆತ್ತಿಕೊಂಡವರಿಗೆ ಇಲ್ಲಿನ ಹಿಡಿತಗಳು ಬೇಗ ಮೈಗೂಡುತ್ತವೆ. ತೊಂದರೆ ಏನೆಂದರೆ, ಪ್ರತಿ ಚಿತ್ರಕ್ಕೂ ಬರಹ ನಾಲ್ಕೇ ಸಾಲು. ಈ ಭಂಗಿಗೆ ಇಬ್ಬರೂ ಹೇಗೆ ಬಂದರು ಅನ್ನೋದನ್ನು ನೀವೇ ಊಹಿಸಿ, ಮಾಡಿ ನೋಡಿ ಕಂಡುಕೊಳ್ಳಬೇಕು.

ಓದುವ ಹುಚ್ಚು ಜಾಸ್ತಿ ಇದ್ದರೆ ಜರ್ಮನ್ ಟೀಕೆಗಳು. ನೋಡಿ ಕಲಿಯುವವರಾದರೆ ಫಿಯೋರೆ. ಕ್ರಮವಾಗಿ ಪಾಠ ಬೇಕಾದರೆ ಮೇಯರ್.

ಯಾವುದೇ ಆಗಲಿ, ಲಾಂಗ್‌ಸೋರ್ಡ್‌ನಲ್ಲಿ ಬೆರಳು ಹುಷಾರು. ಕತ್ತಿಯ ಹಿಡಿಗೆ ಬರೀ ಅಡ್ಡಪಟ್ಟಿ ಇರುತ್ತದೆ, ಕೈಗೆ ಮರೆ ಇಲ್ಲ. ಏಟು ಮೊದಲು ಬೀಳುವುದು ಹೆಬ್ಬೆರಳಿಗೆ. ಜೋರಾಗಿ ಆಡಬೇಕೆಂದರೆ ಗಟ್ಟಿ ಚಿಪ್ಪಿನ ಕೈಗವಸು ಬೇಕೇ ಬೇಕು.

ಕತ್ತಿ ಮತ್ತು ಬಕ್ಲರ್

ಬಕ್ಲರ್ ಅಂದರೆ ಊಟದ ತಟ್ಟೆಯಷ್ಟಿರುವ, ಸುಮಾರು 30 ಸೆಂ.ಮೀ. ಅಗಲದ ಗುರಾಣಿ. ಇದರ ಮುಖ್ಯ ಗ್ರಂಥ ಇಂಗ್ಲೆಂಡಿನ ಲೀಡ್ಸ್‌ನಲ್ಲಿ, ರಾಯಲ್ ಆರ್ಮರೀಸ್ ಸಂಗ್ರಹದಲ್ಲಿದೆ. ಐ.33 ಅಂತಲೇ ಪ್ರಸಿದ್ಧ. ಉಳಿದು ಬಂದಿರುವ ಯುರೋಪಿನ ಕತ್ತಿವರಸೆ ಪುಸ್ತಕಗಳಲ್ಲಿ ಇದೇ ಅತಿ ಹಳೆಯದು, 1300ರ ಸುತ್ತಮುತ್ತಲಿನದು. ಬರಹ ಲ್ಯಾಟಿನ್, ನಡುನಡುವೆ ಜರ್ಮನ್ ಪದಗಳು. ಕಲಿಸುವವನು ಒಬ್ಬ ಪಾದ್ರಿ, ಕಲಿಯುವವನು ಅವನ ಶಿಷ್ಯ. ಕೊನೆಯ ಹಾಳೆಗಳಲ್ಲಿ ಶಿಷ್ಯನ ಜಾಗಕ್ಕೆ ವಾಲ್ಪುರ್ಗಿಸ್ ಎಂಬ ಹೆಂಗಸು ಬಂದು ಕತ್ತಿ ಹಿಡಿದು ನಿಲ್ಲುತ್ತಾಳೆ. ಯಾಕೆ, ಯಾರು ಅನ್ನೋ ವಿವರಣೆಯೇ ಇಲ್ಲ!

ಸಂಶೋಧನೆಯ ಹುಚ್ಚಿರುವವರಿಗೆ ಇದು ಹಬ್ಬ. ಇದರಂಥ ಇನ್ನೊಂದು ಪುಸ್ತಕ ಇಲ್ಲದ್ದರಿಂದ ಪ್ರತಿ ಸಾಲಿಗೂ ಚರ್ಚೆ. ಅದೇ ಕಾರಣಕ್ಕೆ ಹೊಸಬರಿಗೆ ತಲೆನೋವು. ಎದುರಾಳಿಗಳೂ ಕಡಿಮೆ.

ಬಕ್ಲರ್ ಇಷ್ಟ, ಆದರೆ ಜೊತೆಗೆ ಯಾರೂ ಇಲ್ಲ ಅನ್ನುವವರು ಇಟಲಿಯ ಬೊಲೊನ್ಯಾ ನಗರದ ಗುರುಗಳ ಕಡೆ ಹೋಗಿ. ಮಾಂಚೊಲಿನೊ 1531ರಲ್ಲಿ, ಮರೊತ್ಸೊ 1536ರಲ್ಲಿ ಪುಸ್ತಕ ತಂದರು. ಇಬ್ಬರಲ್ಲೂ ಕತ್ತಿ-ಬಕ್ಲರ್‌ನ ಉದ್ದುದ್ದ ವರಸೆಗಳಿವೆ: ಈ ನಿಲುವಿನಿಂದ ಹೀಗೆ ಬೀಸು, ಕಾಲು ಹಿಂದಿಡು, ಮತ್ತೆ ಹೀಗೆ ತಡೆ. ಟೆರೇಸಿನಲ್ಲಿ ಒಬ್ಬರೇ ಬೆಳಿಗ್ಗೆ ಬೆಳಿಗ್ಗೆ ಮಾಡಬಹುದು. ಇಷ್ಟು ಸಿದ್ಧವಾಗಿ ಸಿಗುವ ಒಂಟಿ ಅಭ್ಯಾಸ ಜರ್ಮನ್ ಲಾಂಗ್‌ಸೋರ್ಡ್‌ನ ಟೀಕೆಗಳಲ್ಲಿ ಸಿಗಲ್ಲ.

ರೇಪಿಯರ್

ಇದು ಪೇಟೆಯವರ ಕತ್ತಿ. ರಣರಂಗಕ್ಕಿಂತ ಬೀದಿಗೆ, ದ್ವಂದ್ವಕ್ಕೆ ಹೇಳಿದ್ದು. ಅಲಗೊಂದೇ ಒಂದು ಮೀಟರ್ ದಾಟುತ್ತದೆ. ಸಣ್ಣಗೆ ಕಾಣುತ್ತೆ, ಹಗುರ ಇರಬೇಕು ಅಂದುಕೊಳ್ಳಬೇಡಿ. ಒಂದು ಕಿಲೋ ಮೇಲೇ ತೂಗುತ್ತದೆ, ಅದನ್ನು ಮುಂದೆ ಚಾಚಿದ ಒಂದೇ ಕೈಯಲ್ಲಿ ಹಿಡಿದಿರಬೇಕು. ಮೊದಮೊದಲು ಭುಜ ಸೋಲುತ್ತದೆ. ಆಟದ ಮುಖ್ಯ ಭಾಗ ಇರಿತ. ಎದುರಾಳಿಯ ಮೊನೆಯನ್ನು ನಿಮ್ಮ ಕತ್ತಿಯ ಗಟ್ಟಿ ಭಾಗದಿಂದ ದಾರಿ ತಪ್ಪಿಸಿ, ನಿಮ್ಮ ಮೊನೆಯನ್ನು ನೇರ ಇಟ್ಟುಕೊಂಡೇ ಮುಂದೆ ಹೋಗಬೇಕು. ಸಹನೆ ಇರುವವರಿಗೆ ಒಗ್ಗುವ ಆಟ.

ಇಟಲಿಯವರಲ್ಲಿ ಮೂವರು ಮುಖ್ಯ. 1606ರಲ್ಲಿ ವೆನಿಸ್‌ನಲ್ಲಿ ಬಂದ ಜಿಗಾಂತಿಯ ಪುಸ್ತಕ ಚಿಕ್ಕದು, ಸ್ಪಷ್ಟ. ಶುರು ಮಾಡೋಕೆ ಅದೇ ಸಾಕು. ಅದೇ ವರ್ಷ ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್ ದೊರೆಯ ಆಶ್ರಯದಲ್ಲಿ ಫಾಬ್ರಿಸ್ ತನ್ನ ದೊಡ್ಡ ಗ್ರಂಥ ತಂದ. ಆಳ ಇದೆ, ಆದರೆ ಅವನ ನಿಲುವು ಸೊಂಟದಿಂದ ಮುಂದಕ್ಕೆ ಪೂರ್ತಿ ಬಾಗಿದ್ದು. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಬೆನ್ನು ಹಿಡಿದಿರುವವರಿಗೆ ನಾನು ಹೇಳಲ್ಲ. 1610ರ ಕಾಪೊಫೆರೊ ಪುಸ್ತಕದ ಒಂದು ಚಿತ್ರ ತುಂಬಾ ಉಪಯೋಗದ್ದು: ಕಾಲು ಮುಂದೆ ಹಾಕಿ ಚಾಚಿ ಇರಿಯುವವನ ಮೈಮೇಲೆ ಕೈ, ಮಂಡಿ, ಪಾದ ಎಲ್ಲಿ ಎಷ್ಟು ಹೋಗಬೇಕು ಅಂತ ಅಕ್ಷರ ಹಾಕಿ ಗುರುತು ಮಾಡಿದ್ದಾರೆ. ಕನ್ನಡಿ ಮುಂದೆ ಅದನ್ನು ಇಟ್ಟುಕೊಂಡು ಒಬ್ಬರೇ ತಿದ್ದಿಕೊಳ್ಳಬಹುದು.

ಮಂಡಿ ಒಪ್ಪದವರಿಗೆ ಸ್ಪೇನಿನ ದಾರಿ ಇದೆ. 1582ರಲ್ಲಿ ಕರಾನ್ಸನ ಪುಸ್ತಕದಿಂದ ಶುರುವಾದದ್ದು. ನೆಟ್ಟಗೆ ನಿಲ್ಲುವುದು, ಕೈ ನೇರ ಚಾಚುವುದು, ಎದುರಾಳಿಯ ಸುತ್ತ ವೃತ್ತದಲ್ಲಿ ನಡೆಯುವುದು. ಉದ್ದನೆಯ ಚಾಚು ಕಡಿಮೆ. ಆದರೆ ಪುಸ್ತಕ ತೆರೆದರೆ ರೇಖಾಗಣಿತ. 1628ರ ಇಸವಿ ಹೊತ್ತ ಥಿಬೋನ ಗ್ರಂಥದ ದೊಡ್ಡ ದೊಡ್ಡ ಚಿತ್ರಗಳಲ್ಲಿ ನೆಲದ ತುಂಬಾ ವೃತ್ತ, ಗೆರೆ, ಅಕ್ಷರ. ಗಣಿತ ಇಷ್ಟಪಡುವ ಇಂಜಿನಿಯರ್‌ಗಳಿಗೆ ಬಿಟ್ಟರೆ ಮೊದಲ ಆಯ್ಕೆಯಾಗಿ ಬೇಡ.

ಸೇಬರ್

ಕನ್ನಡದವರಿಗೆ ಇದರಲ್ಲಿ ಒಂದು ದೊಡ್ಡ ಅನುಕೂಲ. ಬ್ರಿಟಿಷರ ಸೇಬರ್‌ನ ಮೂಲಗ್ರಂಥಗಳು ಇಂಗ್ಲಿಷ್‌ನಲ್ಲೇ ಇವೆ, ಅನುವಾದಕನನ್ನು ನಂಬಬೇಕಿಲ್ಲ. ರೋವರ್ತ್‌ನ ಪುಸ್ತಕ 1798ರದು, ಅಂದರೆ ಶ್ರೀರಂಗಪಟ್ಟಣ ಬೀಳುವ ಹಿಂದಿನ ವರ್ಷದ್ದು. ಆಮೇಲೆ ಏಂಜಲೊ ಬರೆದ ಬ್ರಿಟಿಷ್ ಕಾಲಾಳುಗಳ ಕೈಪಿಡಿ. 1889ರಲ್ಲಿ ಆಲ್ಫ್ರೆಡ್ ಹಟನ್‌ನ ಪುಸ್ತಕ. ಈ ಹಟನ್ ಭಾರತದಲ್ಲೂ ಸೈನ್ಯದಲ್ಲಿದ್ದವನು. ಲಂಡನ್‌ನಲ್ಲಿ ಎಗರ್ಟನ್ ಕಾಸಲ್ ಜೊತೆ ಸೇರಿ ಹಳೆಯ ಕತ್ತಿಗಳ ಆಟವನ್ನು ವೇದಿಕೆ ಮೇಲೆ ಆಡಿ ತೋರಿಸಿದ. ನಾವು ಇವತ್ತು ಮಾಡುತ್ತಿರುವ ಕೆಲಸಕ್ಕೆ ಅವರೇ ಹಿರಿಯರು.

ಅಭ್ಯಾಸ ಸರಳ. ಏಂಜಲೊ ಪದ್ಧತಿಯಲ್ಲಿ ಗೋಡೆ ಮೇಲೆ ಒಂದು ವೃತ್ತ, ಅದರಲ್ಲಿ 7 ಹೊಡೆತಗಳ ಗೆರೆ. ಸೀಮೆಸುಣ್ಣದಲ್ಲಿ ನೀವೇ ಬರೆದುಕೊಂಡು, ದೂರ ನಿಂತು, ಗೆರೆ ಹಿಡಿದು ಬೀಸುತ್ತಾ ಹೋಗಿ. ತೂಕ ಒಂದು ಕಿಲೋಗಿಂತ ಕಡಿಮೆ. ಹಿಡಿಯ ಲೋಹದ ಮರೆ ಬೆರಳನ್ನು ಕಾಯುತ್ತದೆ, ಹಾಗಾಗಿ ಕೈಗವಸಿನ ಖರ್ಚು ಅರ್ಧಕ್ಕಿಂತ ಕಡಿಮೆ. ನೈಲಾನ್ ಸೇಬರ್‌ನಲ್ಲೂ ಕಲಿಕೆಗೆ ಅಷ್ಟು ಧಕ್ಕೆ ಇಲ್ಲ.

ಕೊರತೆ? ಇವು ಸೈನಿಕರಿಗೆ ಬೇಗ ಕಲಿಸಲು ಬರೆದ ಪುಸ್ತಕಗಳು. ಕವಾಯತು ಜಾಸ್ತಿ, ಒಗಟು ಕಡಿಮೆ. ಸಂಶೋಧನೆಗಾಗಿ ಬಂದವರಿಗೆ ಬೇಗ ಸಪ್ಪೆ ಅನಿಸಬಹುದು. ಬೀಸುವ ವೇಗ ಹೆಚ್ಚು, ಮುಂಗೈ ಮೊಣಕೈ ನೀಲಿ ಕಟ್ಟುತ್ತವೆ. ಮೊಣಕೈ ನೋವಿನ ಹಳೆಯ ತೊಂದರೆ ಇದ್ದರೆ ನಿಧಾನಕ್ಕೆ ಹೋಗಿ.

ಇವಲ್ಲದೆ ಜರ್ಮನ್ನರ ಮೆಸ್ಸರ್ ಇದೆ, ದೊಡ್ಡ ಮಚ್ಚಿನಂಥದ್ದು. ಲೆಕ್‌ಕ್ಯುಖ್ನರ್‌ನ 1482ರ ಸಚಿತ್ರ ಹಸ್ತಪ್ರತಿ ಮ್ಯೂನಿಕ್‌ನ ರಾಜ್ಯ ಗ್ರಂಥಾಲಯದಲ್ಲಿದೆ. ಚೆನ್ನಾಗಿದೆ, ಆದರೆ ಎರಡನೇ ಆಯುಧವಾಗಿ ಇರಲಿ.

ದುಡ್ಡಿನ ಮಾತು

ಮೊದಲೇ ಒಂದು ಎಚ್ಚರಿಕೆ. 16ನೇ ಶತಮಾನದ ಆಗ್ಸ್‌ಬರ್ಗ್‌ನಲ್ಲಿ ಪೌಲುಸ್ ಹೆಕ್ಟರ್ ಮೈರ್ ಅಂತ ನಗರದ ಅಧಿಕಾರಿ ಇದ್ದ. ಕತ್ತಿವರಸೆಯ ಭಾರಿ ಸಚಿತ್ರ ಗ್ರಂಥಗಳನ್ನು ಮಾಡಿಸಿದ, ದೌಲತ್ತಿನಿಂದ ಬದುಕಿದ. ನಗರದ ಖಜಾನೆ ದುಡ್ಡಿಗೆ ಕೈ ಹಾಕಿದ್ದು ಗೊತ್ತಾಗಿ 1579ರಲ್ಲಿ ಗಲ್ಲಿಗೇರಿಸಿದರು. ನಿಮ್ಮ ಕ್ರೆಡಿಟ್ ಕಾರ್ಡಿನ ಮಿತಿ ನೋಡಿಕೊಳ್ಳಿ.

ಯುರೋಪಿನಲ್ಲಿ ಅಂದಾಜು ಬೆಲೆ ಹೀಗೆ: ಮುಖಕವಚ 80ರಿಂದ 130 ಯೂರೋ, ಮೆತ್ತೆ ಇರುವ ಜಾಕೆಟ್ 150ರಿಂದ 250, ಗಟ್ಟಿ ಕೈಗವಸು 150ರಿಂದ 350. ಕತ್ತಿಗಳಲ್ಲಿ ಸೇಬರ್ 120ರಿಂದ 250, ಫೆಡರ್ 200ರಿಂದ 350, ರೇಪಿಯರ್ 250ರಿಂದ 400. ರೇಪಿಯರ್ ಕತ್ತಿ ದುಬಾರಿ, ಆದರೆ ಹಿಡಿಯ ಬಟ್ಟಲು ಕೈಯನ್ನು ಕಾಯುವುದರಿಂದ ತೆಳು ಕೈಗವಸು ಸಾಕು. ಒಟ್ಟು ಕೂಡಿದರೆ ಲಾಂಗ್‌ಸೋರ್ಡೇ ಜಾಸ್ತಿ ಎಳೆಯುತ್ತದೆ, ಸೇಬರ್ ಕಡಿಮೆ. ಕತ್ತಿ ಯಾವುದಾದರೂ ಗಂಟಲು ಪಟ್ಟಿ ಬಿಡಬೇಡಿ. ಒಲಿಂಪಿಕ್ ಫೆನ್ಸಿಂಗ್‌ನ ಮುಖಕವಚ ಬಳಸಬಹುದು, ಆದರೆ ಅದು ತಲೆಯ ಹಿಂಭಾಗ ಮುಚ್ಚುವುದಿಲ್ಲ. ಅದಕ್ಕೆ ಬೇರೆ ಹೊದಿಕೆ ಬೇಕು.

ಭಾರತದಲ್ಲಿರುವವರಿಗೆ ಇದರ ಮೇಲೆ ಸಾಗಣೆ, ಕಸ್ಟಮ್ಸ್ ಸುಂಕ ಸೇರುತ್ತದೆ. ನಮ್ಮ ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದದ ಹರಿತ ಅಲಗಿನ ಕತ್ತಿಯನ್ನು ಆಯುಧ ಅಂತಲೇ ಎಣಿಸುತ್ತವೆ. ಆದ್ದರಿಂದ ಮೊಂಡು ಅಂಚಿನದ್ದನ್ನೇ ತರಿಸಿ, ಬಿಲ್ಲಿನಲ್ಲಿ ಕ್ರೀಡಾ ಸಾಮಗ್ರಿ ಎಂಬ ವಿವರ ಇರಲಿ, ಹೊರಗೆ ಒಯ್ಯುವಾಗ ಮುಚ್ಚಿದ ಚೀಲದಲ್ಲಿಡಿ. ಶುರುವಿಗೆ ನೈಲಾನ್ ಸೇಬರ್, ಇಲ್ಲವೇ ಅಳತೆಗೆ ಕೆತ್ತಿಸಿದ ಮರದ ಕತ್ತಿ ಸಾಕು.

ಯಾರಿಗೆ ಯಾವುದು

ಕ್ಲಬ್ ಹತ್ತಿರ ಇದೆ, ವಾರಕ್ಕೊಮ್ಮೆಯಾದರೂ ಎದುರಾಳಿ ಜೊತೆ ಆಡಬೇಕು ಅಂದರೆ ಲಾಂಗ್‌ಸೋರ್ಡ್. ಕೈಯಲ್ಲಿ ಕಾಸು ಕಡಿಮೆ, ಸ್ನೇಹಿತ ಒಬ್ಬ ಸಿಕ್ಕಿದ್ದಾನೆ ಅಂದರೆ ಇಬ್ಬರೂ ಸೇಬರ್ ಹಿಡಿಯಿರಿ. ಒಬ್ಬರೇ ಇದ್ದೀರಿ ಅಂದರೆ ಮರೊತ್ಸೊನ ಬಕ್ಲರ್ ವರಸೆಗಳು, ಅಥವಾ ಜಿಗಾಂತಿಯ ರೇಪಿಯರ್. ಆದರೆ ಎದುರಿಗೆ ಯಾರೂ ಇಲ್ಲದೆ ವರ್ಷಗಟ್ಟಲೆ ಹೀಗೇ ಮುಂದುವರಿಸಬೇಡಿ. ಕೈಗೆ ತಪ್ಪು ಅಭ್ಯಾಸ ಅಂಟುತ್ತದೆ. ಹಸ್ತಪ್ರತಿ, ಭಾಷೆ, ವಾದ ಇವೇ ನಿಮಗೆ ಮುಖ್ಯವಾದರೆ ಐ.33 ಅಥವಾ ಲೀಷ್ಟೆನೌವರ್ ಟೀಕೆಗಳು. ಎತ್ತರ ಕಡಿಮೆ, ಕುಸ್ತಿ ಬರುತ್ತದೆ ಅಂದರೆ ಕಣ್ಣು ಮುಚ್ಚಿ ಫಿಯೋರೆ. ಅವನು ಹತ್ತಿರ ನುಗ್ಗಿ ಹಿಡಿಯುವುದನ್ನೇ ಕಲಿಸುತ್ತಾನೆ.

ಕ್ಲಬ್ಬಿಗೆ ಹೋದಾಗ ಮೊದಲ ಕೆಲವು ವಾರ ಏನೂ ಕೊಳ್ಳಬೇಡಿ. ಹೊಸಬರಿಗೆ ಕತ್ತಿ, ಮುಖಕವಚ ಕೊಡುವ ಕ್ಲಬ್‌ಗಳು ಬೇಕಾದಷ್ಟಿವೆ. ಕಲಿಸುವವರನ್ನು ಇದು ಯಾವ ಪುಸ್ತಕದ ಪಾಠ ಅಂತ ಕೇಳಿ. ಒಳ್ಳೆಯವರು ಗ್ರಂಥದ ಹೆಸರು ಹೇಳುತ್ತಾರೆ, ಆ ಹಾಳೆಯನ್ನು ಫೋನ್‌ನಲ್ಲೇ ತೆಗೆದು ತೋರಿಸುತ್ತಾರೆ, ಎಲ್ಲಿ ತಮ್ಮ ಊಹೆ ಸೇರಿಸಿದ್ದೇವೆ ಅನ್ನೋದನ್ನೂ ಹೇಳುತ್ತಾರೆ. ಉತ್ತರ ತಡವರಿಸಿದರೆ ಪಕ್ಕದ ಊರಿನ ಕ್ಲಬ್ ನೋಡಿ, ಅಲ್ಲಿ ನಿಮಗಿಷ್ಟದ ಕತ್ತಿ ಇಲ್ಲದಿದ್ದರೂ ಪರವಾಗಿಲ್ಲ.